ಅಮವಾಸಿ ಉಳಿಸಿದ ಗಿಟಾರು

ನಮ್ಮ ಮನ್ಯಾಗ ಯಾರರೆ ಸಂತಿಯಿಂದ ಹುಳುಕ ಬದನಿಕಾಯಿ ತಂದ್ರ, ಸೋರೋ ಕೊಡಾ ತಂದ್ರ, ಅದಕ್ಕ ಒಂದ ಮಾತಿತ್ತು: "ಅಪ್ಪನ ಗಿಟಾರ ಆತು ಬಿಡು." ಶುರು ಮಾಡಿದಾಕಿ ಅವ್ವ. ಆಮ್ಯಾಲ ನಾನೂ ತಂಗೀನೂ ಕಲತ್ವಿ, ನನ್ನ ಮದವಿ ಆದ ಮ್ಯಾಲ ನನ್ನ ಗಂಡನೂ ಕಲತ್ರು. ಅಪ್ಪನ ಎದರಿಗೇ ಅಂತಿದ್ವಿ. ಅಪ್ಪ ನಕ್ಕು ಸುಮ್ಮನಾಗತಿದ್ದ, ಇಲ್ಲಾ ಚಪ್ಪಲಿ ಮೆಟಗೊಂಡು ಹೊರಗ ಹೋಗಿಬಿಡತಿದ್ದ.

ಐವತ್ತು ವರ್ಷದ ಹಿಂದಿನ ಮಾತು. ಆವಾಗ ನಾವು ಕಿತ್ತೂರಾಗ ಇದ್ವಿ, ಅಪ್ಪ ಒಂದು ಸೀರಿ-ಅರಬಿ ಅಂಗಡ್ಯಾಗ ಕೆಲಸಕ್ಕಿದ್ದ. ಊರಿಗೆ ಒಂದು ನಾಟಕ ಕಂಪನಿ ಬಂದು ತಂಬು ಹೊಡೀತು. ಅದರಾಗ ಗಿಟಾರ ಬಾರಸೋ ಮಾಸ್ತರಿಗೂ ನಮ್ಮಪ್ಪಗೂ ಚಾದಂಗಡ್ಯಾಗ ಗುರತ ಆಗಿ, ಎರಡ ವಾರದಾಗ ಒಂದ ತಾಟಿನಾಗ ಉಣ್ಣೂವಷ್ಟು ದೋಸ್ತಿ ಆತು. ಆದ್ರ ನಾಟಕದಾಗ ವಾದ್ಯದಾವರು ಪರದೆ ಮರಿಗೆ ಕುಂದರತಿದ್ರು. ಅಪ್ಪ ಆ ಗಿಟಾರಿನ ದನಿ ಅಷ್ಟ ಕೇಳಿದ್ದ, ಮಾಸ್ತರ ಅದನ್ನ ಹೆಂಗ ಬಾರಸ್ತಾನ ಅನ್ನೂದು ಕಣ್ಣಲೆ ನೋಡಿದ್ದಿಲ್ಲ. ಆ ದನಿಗೆ ಹುಚ್ಚ ಹಿಡದಾಂಗ ಆಗಿತ್ತಂತ ಅವಗ. ಒಂದಿನ ಸಂಜೀಕ ತನ್ನ ಸೈಕಲ್ ಮಾಸ್ತರಗ ಕೊಟ್ಟು, ಗಿಟಾರ ಹೆಗಲಿಗೆ ಹಾಕ್ಕೊಂಡು ಮನಿಗೆ ಬಂದ. "ನಾಳೆ ಮುಂಜಾನೆ ಮನಿಗೇ ಬಂದು ಬಾರಸೂದು ಕಲಿಸಿಕೊಡ್ತೇನಿ" ಅಂತ ಮಾಸ್ತರ ಹೇಳಿ ಕಳಿಸಿದ್ದ.

ಮರುದಿನ ಮುಂಜಾನೆ ನೋಡಿದ್ರ ತಂಬೂ ಇಲ್ಲ, ಕಂಪನೀನೂ ಇಲ್ಲ. ಕಲೆಕ್ಷನ್ ಆಗಲಿಲ್ಲಂತ ರಾತ್ರೋರಾತ್ರಿ ಗಂಟ ಕಟಗೊಂಡು ಹೋಗಿಬಿಟ್ಟಿದ್ರು.

ಅಪ್ಪ ತಾನ ಬಾರಸಾಕ ಕುಂತ. ಸಿನಿಮಾ ಪೋಸ್ಟರಿನಾಗ ಹೀರೋ ಹೆಂಗ ಎದಿಗೆ ಆನಿಸಿ ಹಿಡೀತಾನ ಹಂಗ ಹಿಡದ. ತಂತಿ ಕಟಗಿಯಿಂದ ಒಂದ ಬೆರಳ ಎತ್ತರಕ್ಕ ನಿಂತಿದ್ವು, ಒತ್ತಿ ಒತ್ತಿ ಬೆರಳ ತುದಿ ಹರದು ರಕ್ತ ಬಂತು. ಗಿಟಾರಿನ ಕತ್ತು ನೋಡಿದ್ರ ಚೌಕ, ಬಾಗಲದ ಚೌಕಟ್ಟ ಹಿಡದಂಗ, ಮುಷ್ಟಿಯೊಳಗ ಹಿಡ್ಯಾಕ ಬರೂದಿಲ್ಲ. ನೋಡಿದಾವರೆಲ್ಲಾ ಇದು ಕೆಟ್ಟ ಮಾಲು ಅಂದ್ರು. "ತಂತಿ ಸರಿ ಇಲ್ಲ" ಅಂತ ಅಪ್ಪ ಅಂದ್ರ, ಅವ್ವ, "ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಅಂದ್ಲು. ಆಕೀ ಸಿಟ್ಟಿಗೂ ಅರ್ಥ ಇತ್ತು ನೋಡ್ರಿ, ಆ ಸೈಕಲ್ ಆಕೀ ತವರಮನಿಯಿಂದ ಬಂದದ್ದು. ಸಾಯೂತನಾ ಆ ಮಾಸ್ತರಗ ಕಳ್ಳ, ಸುಡುಗಾಡ ಸೇರಲಿ ಅಂತ ಬೈದ್ಲು. ಅಪ್ಪ ಮಾತ್ರ ಅವಗ ಒಂದ ದಿನಾ ಒಂದ ಮಾತು ಬೈಲಿಲ್ಲ. ಅಪ್ಪಂದು ದೊಡ್ಡ ಮನಸು ಅಂತ ನಾವು ತಿಳಕೊಂಡಿದ್ವಿ.

ಗಿಟಾರಿನ ಪೆಟಗಿಯೊಳಗ ಒಂದು ಕಬ್ಬಿಣದ ತುಂಡೂ ಇತ್ತು. ಹೆಬ್ಬಟ್ಟಿನಷ್ಟು ದಪ್ಪ, ನುಣ್ಣಗ, ಮಾರಿ ಕಾಣೂವಂಗ ಥಳಥಳ ಹೊಳೀತಿತ್ತು. "ಇದರೆ ಉಪಯೋಗಕ್ಕ ಬರ್ಲಿ" ಅಂತ ಅವ್ವ ಅದನ್ನ ಅಡಗಿಮನಿಗೆ ಒಯ್ದು, ಚಾಕ್ಕ ಶುಂಠಿ ಜಜ್ಜಾಕ ಇಟಗೊಂಡ್ಲು.

ಈಗ ಅವ್ವ ಇಲ್ಲ. ನಾನು ರಾಮದುರ್ಗದಾಗ ಹಿಟ್ಟಿನ ಗಿರಣಿ ನಡಸ್ತೇನಿ. ಅಪ್ಪ, ಗಿಟಾರ, ಶುಂಠಿ ಜಜ್ಜೋ ಕಬ್ಬಿಣ, ಮೂರೂ ನನ್ನ ಮನ್ಯಾಗ ಅದಾವು. ಈ ಸಲ ಚಳಿಗಾಲದಾಗ ಅಪ್ಪ ಜ್ವರ ಬಂದು ಹದಿನೈದ ದಿನ ಮಲಗಿದ. ಎದ್ದು ಕುಂತ ಮೊದಲನೇ ದಿನ ಗಂಜಿ ಕುಡದು, ಬಟ್ಟಲ ಕೆಳಗಿಟ್ಟು, "ಯವ್ವಾ, ಆ ಗಿಟಾರ ಒಮ್ಮೆ ಯಾರಿಗರೆ ತೋರಸು" ಅಂದ. "ಅದು ಖರೇನ ಕೆಟ್ಟದ್ದಿತ್ತೋ, ಚಲೋದಿತ್ತೋ ನನಗ ಗೊತ್ತಾಗಬೇಕು. ಅಂವ ನನಗ ಮೋಸಾ ಮಾಡಿದ್ನೋ ಇಲ್ಲೋ, ಅದಷ್ಟು ತಿಳಕೊಂಡು ಹೋಗ್ತೇನಿ."

ಎಂಬತ್ತು ದಾಟಿದ ಮನಶ್ಯಾ ಬಾಯಿಬಿಟ್ಟು ಕೇಳಿದ್ದು ಅದೊಂದ. ಎಷ್ಟ ಸಲ ನಾನೂ "ಅಪ್ಪನ ಗಿಟಾರ" ಅಂದಿದ್ನೋ ಏನೋ, ಎಲ್ಲಾ ಒಮ್ಮೆಲೆ ನೆನಪಾದ್ವು.

ಬೈಲಹೊಂಗಲದಾಗ ಒಬ್ರು ಬಡಿಗ್ಯಾರು ಅದಾರ, ಹಾರ್ಮೋನಿಯಂ, ತಂಬೂರಿ ಎಲ್ಲಾ ರಿಪೇರಿ ಮಾಡ್ತಾರ ಅಂತ ಕೇಳಿದ್ದೆ. ಗಿರಣಿ ಗಂಡಗ ಒಪ್ಪಿಸಿ, ಎರಡ ಬಸ್ ಬದಲಿಸಿ, ಗಿಟಾರ ಕೂಸಿನಂಗ ಹೊತಗೊಂಡು ಹೋದೆ. ಬಡಿಗ್ಯಾರಿಗೂ ಎಪ್ಪತ್ತ ವರ್ಷ ಆಗಿರಬೇಕು. ಚಷ್ಮಾ ಹಾಕ್ಕೊಂಡು ತಿರಿವಿ ತಿರಿವಿ ನೋಡಿದ್ರು. "ಕಟಗಿ ಭಾರಿ ಐತಿ ತಂಗೆವ್ವ, ಆದ್ರ ಯಾವನೋ ಅರ್ಧಾ ಮಾಡಿ ಬಿಟ್ಟಾನ. ಕತ್ತು ಕೀಸಿ ದುಂಡಗ ಮಾಡಬೇಕು, ತಂತಿ ಕುಂದರೋ ಕುದುರಿ ಕೊಯ್ದು ಇಳಸಬೇಕು. ಅಂದ್ರ ಬೆರಳಿಗೆ ತಂತಿ ಸಿಗ್ತಾವು."

"ಮಾಡ್ರಿ ಮತ್ತ, ಇಲ್ಲೇ ಕುಂದರತೇನಿ" ಅಂದೆ.

"ಇವತ್ತ ಕೈಯಾಗ ಬ್ಯಾರೆ ಕೆಲಸ ಐತಿ. ನಾಳಿಗೆ ಅಮವಾಸಿ, ಉಳಿ ಮುಟ್ಟಂಗಿಲ್ಲ. ನಾಡದ ಮುಂಜಾನೆ ಮೊದಲ ಕೆಲಸಾನ ಇದು."

ನನಗ ಸಿಟ್ಟ ಬರಾಕ ಹೊತ್ತ ಬೇಕಾಗಿಲ್ಲ. "ಅಮವಾಸಿ ಅಂತ ನಾವು ರೊಟ್ಟಿ ತಿನ್ನೂದು ಬಿಡ್ತೇವೇನ್ರಿ? ಅಲ್ಲೆ ಮನ್ಯಾಗ ನಮ್ಮಪ್ಪ ದಾರಿ ಕಾಯಾಕತ್ತಾನ. ದೇವರೇನು ನಿಮ್ಮ ಉಳಿ ಎಣಿಸ್ಕೋತ ಕುಂತಿರ್ತಾನೇನು?" ಅಂತ ಬಾಯಿಗೆ ಬಂದಂಗ ಅಂದೆ. ಅವರು ಚಷ್ಮಾ ತಗದು ಒರಸಿ, "ನಮ್ಮಪ್ಪ ಮುಟ್ಟಿಲ್ಲ, ನಮ್ಮಜ್ಜ ಮುಟ್ಟಿಲ್ಲ, ನಾನೂ ಮುಟ್ಟೂದಿಲ್ಲ" ಅಂದ್ರು. ಇನ್ನ ಕಲ್ಲಿನ ಜೋಡಿ ಏನ್ ಜಗಳ ಅಂತ, ಗಿಟಾರ ಅಲ್ಲೇ ಬಿಟ್ಟು, ಸವದತ್ತಿಯೊಳಗ ತಂಗಿ ಮನಿಗೆ ಬಂದು ವಸ್ತಿ ಉಳದೆ.

ಮರುದಿನ ಅಮವಾಸಿ. ತಂಗಿ ಹೋಳಿಗಿ ಮಾಡಿದ್ಲು. ಬಾಜೂಮನಿ ಅಕ್ಕೋರಿಗೆ, ಅಂದ್ರ ಸಾಲ್ಯಾಗ ಕಲಿಸಿ ರಿಟೈರ್ ಆದ ಹಿರೇ ಹೆಣಮಗಳಿಗೆ, ಸಂಜೀಕ ಉಣ್ಣಾಕ ಕರದಿದ್ಲು. ನಾನು ಹೋಳಿಗಿ ಮುರಕೋತ ಬಡಿಗ್ಯಾರಿಗೆ ಬೈಯಾಕತ್ತಿದ್ದೆ. ಬೈಯೂ ರಭಸದಾಗ ಫೋನ್ ತಗದು ಗಿಟಾರಿನ ಫೋಟೋನೂ ತೋರಿಸಿದೆ. ಅಕ್ಕೋರು ಫೋನ್ ಕೈಯಾಗ ಇಸಗೊಂಡ್ರು. ಬಾಯಾಗಿನ ತುತ್ತು ಹಂಗ ನಿಂತಿತು.

"ಇದರ ಜೋಡಿ ಒಂದು ಕಬ್ಬಿಣದ ತುಂಡ ಇರಲಿಲ್ಲೇನ? ನುಣ್ಣಂದು?"

"ಐತ್ರಿ. ಶುಂಠಿ ಜಜ್ಜತೇವಿ."

ಅಕ್ಕೋರು ಹಣಿ ಬಡಕೊಂಡ್ರು. "ಅಯ್ಯ ನಮ್ಮವ್ವಾ! ಇದು ಎದಿಗೆ ಹಿಡಿಯೂದಲ್ಲ, ತೊಡಿ ಮ್ಯಾಲ ಮಲಗಿಸಿ ಬಾರಸೂದು. ಎಡಗೈಯಾಗ ಆ ಕಬ್ಬಿಣ ಹಿಡದು ತಂತಿ ಮ್ಯಾಲ ಜಾರಸಬೇಕು. ಅದಕ್ಕ ತಂತಿ ಎತ್ತರ ಅದಾವು, ಅದಕ್ಕ ಕತ್ತು ಚೌಕ ಐತಿ. ಹವಾಯನ್ ಗಿಟಾರ ಅಂತಾರ ಇದಕ್ಕ. ಮದವಿಗೆ ಮುಂಚೆ ಧಾರವಾಡದಾಗ ನಾನೂ ಕಲತಿದ್ದೆ." ಆಮ್ಯಾಲ ಮೆಲ್ಲಕ ಕೇಳಿದ್ರು: "ಕೀಸ್ಯಾರೇನು ಮತ್ತ?"

ಕೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಿದಂಗ ಆಗಿತ್ತು ನಮ್ಮ ಹಣೇಬಾರ. ಐವತ್ತ ವರ್ಷ ಚಲೋ ಇದ್ದ ಗಿಟಾರನ್ನ ಕೆಟ್ಟದ್ದು ಅಂದ್ವಿ, ಈಗ ನಾನ ಕೈಯಾರೆ ಅದನ್ನ ಕೆಡಸಾಕ ಕೊಟ್ಟು ಬಂದಿದ್ದೆ. ಬಡಿಗ್ಯಾರಿಗೆ ಫೋನ್ ಹಚ್ಚಿದೆ. ಬಂದ್. ಹತ್ತ ಸಲ ಹಚ್ಚಿದೆ, ಹತ್ತ ಸಲಾನೂ ಬಂದ್. ಕಟಗಿ ಒಮ್ಮೆ ಕೀಸಿದ್ರ ಮತ್ತ ಹಚ್ಚಾಕ ಬರತೈತೇನು? "ನಾಡದ ಮುಂಜಾನೆ ಮೊದಲ ಕೆಲಸ" ಅಂದಿದ್ರು. ಅಪ್ಪಗ ಏನಂತ ಮಾರಿ ತೋರಸ್ಲಿ?

ಮುಂಜಾನೆ ಮೊದಲ ಬಸ್ಸಿಗೆ ಕುಂತೆ. ಬೈಲಹೊಂಗಲ ಇನ್ನ ನಾಕ ಹರದಾರಿ ಇರೂದರೊಳಗ ಕಬ್ಬಿನ ಟ್ರ್ಯಾಕ್ಟರ್ ಒಂದು ರಸ್ತೆದಾಗ ಅಡ್ಡ ಬಿದ್ದಿತ್ತು. ಜನ ಎಲ್ಲಾ ಇಳದು ಆರಾಮ ಕಬ್ಬ ಮುರಕೊಂಡು ತಿನ್ನಾಕತ್ರು. ನಾ ಒಬ್ಬಾಕಿ ಡ್ರೈವರಗ, ಟ್ರ್ಯಾಕ್ಟರಿನಾಂವಗ, ಕಬ್ಬಿಗೆ, ಎಲ್ಲಾರಿಗೂ ಬೈಕೋತ ನಿಂತಿದ್ದೆ. ಬೈಲಹೊಂಗಲ ಮುಟ್ಟಿದಾಗ ಹತ್ತು ದಾಟಿತ್ತು. ಸ್ಟ್ಯಾಂಡಿನಿಂದ ಸೀರಿ ಎತ್ತಿ ಕಟಗೊಂಡು ಓಡಿದೆ. ಈ ವಯಸ್ಸಿನಾಗ ನಾ ಓಡಿದ್ದು ಅದ ಮೊದಲು, ಅದ ಕಡೀಕ.

ಅಂಗಡಿ ಬಾಗಲಾ ತಗದಿತ್ತು. ಗಿಟಾರ ಕಟ್ಟಿ ಮ್ಯಾಲ ಅಂಗಾತ ಮಲಗಿತ್ತು, ಕತ್ತಿನ ಮ್ಯಾಲ ಪೆನ್ಸಿಲಿನ ಗೆರಿ. ಕುದುರಿ ಮ್ಯಾಲೂ ಗೆರಿ. ಬಾಜೂಕ ಗರಗಸ, ಕೀಸುಳಿ. ಬಡಿಗ್ಯಾರು ಸ್ಟೂಲಿನ ಮ್ಯಾಲ ಕುಂತು ಚಾ ಕುಡಿಯಾಕತ್ತಿದ್ರು.

"ಕೊಯ್ಬ್ಯಾಡ್ರಿ!" ಅಂತ ಚೀರಿದೆ. ಓಣಿಯಾಗಿನ ನಾಕ ಮಂದಿ ಹೊರಗ ಬಂದ್ರು.

ಅವರು ಗಾಬರ್ಯಾಗಿ ಚಾ ಚೆಲ್ಲಿಕೊಂಡ್ರು. "ನಾ ಎಲ್ಲೆ ಕೊಯ್ದೇನವ್ವಾ? ಅಮವಾಸಿ ಇನ್ನೂ ಮುಗದಿಲ್ಲ" ಅಂತ ಗ್ವಾಡಿಗೆ ತೂಗಹಾಕಿದ ಕ್ಯಾಲೆಂಡರ್ ತೋರಿಸಿದ್ರು. "ಹನ್ನೊಂದ ಗಂಟೆ ತನಕ ಐತಿ. ಹನ್ನೊಂದ ಹೊಡೀಲಿ ಅಂತ ಕುಂತೇನಿ. ಅಲ್ಲೀತನಾ ಉಳೀನೂ ಮುಟ್ಟಂಗಿಲ್ಲ, ಫೋನೂ ಚಾಲೂ ಮಾಡಂಗಿಲ್ಲ."

ನಾ ಅಲ್ಲೇ ಕಟಗಿ ಸಿಪ್ಪಿ ಮ್ಯಾಲ ಕುಂತಬಿಟ್ಟೆ. ನಗಿ ಬಂತು, ಅಳೂನೂ ಬಂತು. ಎದಿಮ್ಯಾಲಿನ ಬೀಸೂಕಲ್ಲು ಇಳಿಸಿಟ್ಟಂಗ ಆತು. ಎರಡ ದಿನದ ಹಿಂದ ಯಾವ ಅಮವಾಸಿಗೆ ಬೈದಿದ್ನೋ ಅದಕ್ಕ ಕೈ ಮುಗದೆ. ಬಡಿಗ್ಯಾರಿಗೂ ಮುಗದೆ. ಸಂಗತಿ ಎಲ್ಲಾ ಹೇಳಿದ ಮ್ಯಾಲ ಅವರು ಪೆನ್ಸಿಲಿನ ಗೆರಿ ಮ್ಯಾಲ ಕೈಯಾಡಿಸಿ, "ಐವತ್ತ ವರ್ಷ ಈ ಕೆಲಸಾ ಮಾಡೇನಿ, ಇದೊಂದು ಪಾಪ ತಪ್ಪಿತು" ಅಂದ್ರು. ಹನ್ನೊಂದ ಹೊಡದ ಮ್ಯಾಲ ತುಕ್ಕ ಹಿಡದ ತಂತಿ ತಗದು ಹೊಸಾ ತಂತಿ ಹಾಕಿ ಕೊಟ್ರು. ಆ ಗೆರಿ ಒರಸಾಕ ನಾ ಬಿಡಲಿಲ್ಲ. ಇವತ್ತಿಗೂ ಅದಾವು.

ಸವದತ್ತಿಗೆ ಬಂದು ಅಕ್ಕೋರ ಮನ್ಯಾಗ ಇಳದೆ. ಅವರು ತಂತಿ ಶ್ರುತಿ ಮಾಡಿ, ಗಿಟಾರ ನನ್ನ ತೊಡಿ ಮ್ಯಾಲ ಮಲಗಿಸಿದ್ರು. ಕಬ್ಬಿಣ ರಾಮದುರ್ಗದ ಅಡಗಿಮನ್ಯಾಗ ಕುಂತಿತ್ತಲ್ಲ, ಒಂದು ಖಾಲಿ ಔಷಧದ ಬಾಟ್ಲಿ ಎಡಗೈಯಾಗ ಕೊಟ್ರು. "ಒತ್ತಬ್ಯಾಡ. ಸುಮ್ಮ ತಂತಿ ಮ್ಯಾಲ ಇಟ್ಟು, ಬಲಗೈ ಹೆಬ್ಬಟ್ಟಿಲೆ ಮೀಟಿ, ಜಾರಸು."

ಜಾರಿಸಿದೆ. ಆಹಾಹಾ! ಏನಂತ ಹೇಳ್ಲಿ ನಿಮಗ? ಮನಶ್ಯಾರ ದನಿ ಬಂತು. ಹಾರ್ಮೋನಿಯಮ್ಮಿನಾಗ ಒಂದು ಮನಿ ಬಿಟ್ಟು ಇನ್ನೊಂದು ಮನಿಗೆ ಜಿಗದಂಗ ಸ್ವರ ಬರ್ತಾವು. ಇದರಾಗ ನಡುವ ಗ್ವಾಡೀನ ಇಲ್ಲ. ನನಗ ಒಂದ ಸ್ವರದ ಹೆಸರು ಗೊತ್ತಿಲ್ಲ, ಮೂವತ್ತ ವರ್ಷ ಕೇಳಿದ್ದು ಗಿರಣಿ ಸಪ್ಪಳ ಒಂದ. ಆದ್ರೂ ತಪ್ಪಿದಲ್ಲೆ ಒಂಚೂರು ಸರಿಸಿದ್ರ ಸ್ವರ ತಾನಾಗಿ ಕೂಡತಿತ್ತು. ಬೈದ ಮಾತು ಹಿಂದಕ್ಕ ತಗೋಳಾಕ ಬರಂಗಿಲ್ಲ, ಇಲ್ಲಿ ಮಾತ್ರ ತಪ್ಪಿಗೆ ಒಂದ ಬೆರಳಿನಷ್ಟು ಜಾಗಾ ಮಾಫಿ ಐತಿ. ಅವ್ವ ಜ್ವಾಳ ಬೀಸುವಾಗ ಹಾಡತಿದ್ದ ಪದಾ ನೆನಸಿ ನೆನಸಿ ಹುಡಿಕಿದೆ. ಮಧ್ಯಾಹ್ನದ ಊಟ ಮರತೆ. ಕಡೀ ಬಸ್ ತಪ್ಪೂದರೊಳಗ ತಂಗಿ ಬಂದು ಎಬ್ಬಿಸಿಕೊಂಡು ಹೋದ್ಲು.

ಮನಿ ಮುಟ್ಟಿದಾಕಿ ಮೊದಲ ಅಡಗಿಮನಿಗೆ ಹೋಗಿ ಆ ಕಬ್ಬಿಣ ಬೂದಿ ಹಚ್ಚಿ ತೊಳದೆ. ಎಷ್ಟ ತೊಳದ್ರೂ ಶುಂಠಿ ವಾಸನಿ ಹೋಗಲಿಲ್ಲ. ಅಪ್ಪ ಕಟ್ಟಿ ಮ್ಯಾಲ ಗ್ವಾಡಿಗೆ ಆನಿಕೊಂಡು ಕುಂತಿದ್ದ. ಅವನ ಎದರಿಗೆ ಕುಂತು, ಗಿಟಾರ ತೊಡಿ ಮ್ಯಾಲ ಮಲಗಿಸಿ, ಅವ್ವನ ಪದದ ಒಂದ ಸಾಲು ಬಾರಿಸಿದೆ. ಎರಡ ಕಡೆ ತಪ್ಪಿತು, ಸರಿಸಿದೆ.

ಅಪ್ಪ ಕಣ್ಣ ಮುಚ್ಚಿಕೊಂಡ. "ಇದ ದನಿ" ಅಂದ. "ಪರದೆ ಹಿಂದಿಂದ ಬರತಿತ್ತಲ್ಲ, ಇದ."

"ಗಿಟಾರ ಚಲೋ ಐತಪ್ಪಾ. ಮೊದಲಿಂದನೂ ಚಲೋನ ಇತ್ತು. ನಾವು ಹಿಡದದ್ದು ತಪ್ಪು. ಮಾಸ್ತರ ನಿನಗ ಮೋಸಾ ಮಾಡಿಲ್ಲ."

ಅಪ್ಪ ಖುಷಿ ಆಗ್ತಾನ ಅಂತ ನಾ ತಿಳಕೊಂಡಿದ್ದೆ. ಅವನ ಮಾರಿ ಸಣ್ಣದಾತು.

"ಆ ಸೈಕಲ್ಲಿಗೆ ಬ್ರೇಕ್ ಇರಲಿಲ್ಲವ್ವಾ" ಅಂದ. "ಎರಡೂ ಹಿಡೀತಿದ್ದಿಲ್ಲ. ನಾ ಅವಗ ಹೇಳಲಿಲ್ಲ. ಹೇಳಿದ್ರ ಗಿಟಾರ ಕೊಡೂದಿಲ್ಲ ಅಂತ ಸುಮ್ಮನಾದೆ. ಗಿಟಾರ ಕೆಟ್ಟದ್ದು ಅಂತ ತಿಳದ ಮ್ಯಾಲ, ಹೋಗ್ಲಿ, ನಾ ಅವಗ ಮಾಡಿದ್ದು ಅಂವ ನನಗ ಮಾಡಿದ, ಬರೋಬರಿ ಆತು ಅಂತ ಐವತ್ತ ವರ್ಷ ಸಮಾಧಾನ ಮಾಡಿಕೊಂಡಿದ್ದೆ."

ನಾ ಕಬ್ಬಿಣ ತಂತಿ ಮ್ಯಾಲಿಂದ ಎತ್ತಿದೆ.

"ಕಿತ್ತೂರಿಂದ ಹೊಂಟರ ರಸ್ತೆ ದೊಡ್ಡ ಇಳಿಜಾರ ಐತಿ" ಅಂದ ಅಪ್ಪ. ಆಮ್ಯಾಲ ಕಬ್ಬಿಣ ನನ್ನ ಕೈಯಿಂದ ಇಸಗೊಂಡು ಮೂಸಿ ನೋಡಿ, ಅವ್ವನ ವಾಸನಿ ಬಂತೋ ಏನೋ, ಸ್ವಲ್ಪ ನಕ್ಕು, ತಿರುಗಿ ನನ್ನ ಕೈಯಾಗ ಇಟ್ಟ. "ಬಾರಸು. ಅಂವ ಆ ಇಳಿಜಾರ ದಾಟಿ ಆರಾಮ ಹೋಗ್ಯಾನ ಅಂತ ಬಾರಸು."