ಅಮಾವಾಸ್ಯೆಯ ದಿನದ ಹೆಜ್ಜೆಗಳು

ಬೆಟಗೇರಿಯ ಕೊಟ್ರಪ್ಪನ ಬೂಟುಗಳನ್ನು ನೀವು ನೋಡಬೇಕಿತ್ತು. ತಂದು ಮೂರು ತಿಂಗಳಾದರೂ ಡಬ್ಬಿಯಿಂದ ಈಗಷ್ಟೇ ತೆಗೆದಂತಿದ್ದವು. ದಿನಾ ಬೆಳಿಗ್ಗೆ ಆರೂವರೆಗೆ ಲೇಸು ಬಿಗಿದು, ಓಣಿಗೆಲ್ಲ ಕೇಳುವಂತೆ ಹೆಜ್ಜೆ ಹಾಕುತ್ತ ಹೊರಡುವ ಮನುಷ್ಯನ ಬೂಟು ಸವೆಯದೆ ಹೇಗೆ ಉಳಿದವು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಂದೇ ಅವನ ಮಾನ ಹೋಗುತ್ತಿತ್ತು. ಹೋಗಿದ್ದರೂ ಒಳ್ಳೆಯದೇ ಆಗುತ್ತಿತ್ತು ಎನ್ನಿ.

ಕೊಟ್ರಪ್ಪನಿಗೆ ಐವತ್ತಾರು ವರ್ಷ. ಮನೆಯಲ್ಲಿ ಹೆಂಡತಿ ಶೇಖವ್ವ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ, ಇವನು ಅಂಗಡಿಯ ಗಾದಿಯ ಮೇಲೆ ಕೂತು ಮಾರುತ್ತಾನೆ. ಕೂತು ಕೂತು ಸಕ್ಕರೆ ಕಾಯಿಲೆ ಬಂತು. "ದಿನಾ ಅಡ್ಡಾಡ್ರಿ, ಇಲ್ಲಂದ್ರ ಕಾಲು ಕಳಕೋತೀರಿ" ಎಂದು ಡಾಕ್ಟರು ಗದರಿಸಿದರು. ಅದನ್ನು ಕೇಳಿ ಹೆದರಿದವಳು ಮಗಳು ಸುನಿತಾ. ಅವಳಿಗೆ ಪೊಲೀಸ್ ಕೆಲಸ ಸೇರುವ ಆಸೆ. ಹೋದ ಸಲ ಓಟದಲ್ಲಿ ನಾಲ್ಕೇ ಸೆಕೆಂಡು ತಡವಾಗಿ ಫೇಲಾಗಿ ಬಂದು ಎರಡು ದಿನ ಅನ್ನ ಬಿಟ್ಟಿದ್ದಳು. ಈಗ ಮುಂಡರಗಿಯ ಸೋದರತ್ತೆಯ ಮನೆಯಲ್ಲಿದ್ದು ಮತ್ತೆ ತಯಾರಿ ನಡೆಸುವವಳಿದ್ದಳು.

"ಅಪ್ಪಾ, ನಾ ದಿನಾ ಓಡ್ತೀನಿ, ನೀ ದಿನಾ ನಡಿ. ಬರೇ ಆರು ಸಾವಿರ ಹೆಜ್ಜಿ. ಫೋನಿನಾಗ ಲೆಕ್ಕ ಬರತೈತಿ, ಒಂಬತ್ತಕ್ಕ ನನಗ ಕಳಸು. ಒಂದ ದಿನಾನೂ ತಪ್ಪಸಬ್ಯಾಡ ಮತ್ತ" ಎಂದು ಬೂಟು ಕೊಡಿಸಿ ಬಸ್ಸು ಹತ್ತಿದಳು.

ಎರಡು ದಿನ ಕೊಟ್ರಪ್ಪ ಖರೇನೇ ನಡೆದ. ಮೂರನೆಯ ದಿನ ಒಂಬೈನೂರು ಹೆಜ್ಜೆಗೇ ಏದುಸಿರು ಬಿಡುತ್ತ ಮನೆಗೆ ಬಂದು, ಫೋನನ್ನು ಮಗ್ಗದ ಮೇಲಿಟ್ಟು ನೀರು ಕುಡಿದು, ಪೇಪರು ಓದಿದ. ತಿರುಗಿ ನೋಡಿದರೆ ಲೆಕ್ಕ ಎರಡು ಸಾವಿರ ದಾಟಿತ್ತು! ಶೇಖವ್ವ ಒಂದೊಂದು ಸಲ ಲಾಳಿ ಓಡಿಸಿ ಮಗ್ಗದ ಹಲಗೆಯನ್ನು ಎಳೆದು ಬಡಿದಾಗಲೂ ಆ ಪೆದ್ದ ಫೋನು ಅದನ್ನೊಂದು ಹೆಜ್ಜೆ ಎಂದು ಎಣಿಸಿತ್ತು.

ಮರುದಿನ ಫೋನನ್ನು ಅದೇ ಹಲಗೆಗೆ ನೂಲಿನಿಂದ ಕಟ್ಟಿದ. ಶೇಖವ್ವ ಕೈ ನಿಲ್ಲಿಸಿದಳು.

"ಮಗಳಿಗೆ ಸುಳ್ಳು ಹೇಳಾಕ ನನ್ನ ಮಗ್ಗಾನ ಬೇಕಾತೇನ್ರಿ?"

"ಇವತ್ತೊಂದ ದಿನ. ನಾಳಿಂದ ಖರೇನ ನಡೀತೀನಿ."

ಆ ನಾಳೆ ಬರಲೇ ಇಲ್ಲ. ಸಣ್ಣದೊಂದು ಕೆಲಸವನ್ನು ದಿನಾ ತಪ್ಪದೆ ಮಾಡಿದರೆ ರೂಢಿಯಾಗುತ್ತದೆ ಎನ್ನುತ್ತಾರಲ್ಲ, ಕೊಟ್ರಪ್ಪನಿಗೂ ರೂಢಿಯಾಯಿತು. ಆರೂವರೆಗೆ ಫೋನು ಕಟ್ಟುವುದು, ಬೂಟು ಹಾಕುವುದು, ತಿರುವಿನಲ್ಲಿರುವ ಮೈಲಾರಪ್ಪನ ಹೋಟೆಲಿನಲ್ಲಿ ಗಿರ್ಮಿಟ್ಟು, ಎರಡು ಮಿರ್ಚಿ ತಿಂದು ಕೂರುವುದು, ಒಂಬತ್ತಕ್ಕೆ ಮನೆಗೆ ಬಂದು ಲೆಕ್ಕ ಕಳಿಸುವುದು. "ವಾಕಿಂಗ್ ಮುಗೀತ್ರಿ ಕೊಟ್ರಪ್ಪನೋರ?" ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ತುಟಿಗಂಟಿದ ಮಿರ್ಚಿಯ ಎಣ್ಣೆ ಒರೆಸಿಕೊಂಡು ಹೂಂ ಎನ್ನುತ್ತಿದ್ದ. ನಾಚಿಕೆಯಿರಲಿಲ್ಲ ಎನ್ನುವ ಹಾಗಿಲ್ಲ. ನೂಲು ಬಿಚ್ಚುವಾಗ ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಅವಳೂ ತಲೆ ಎತ್ತುತ್ತಿರಲಿಲ್ಲ. ಅಮಾವಾಸ್ಯೆಗೆ ಮಾತ್ರ ಆ ಮನೆಯಲ್ಲಿ ಮಗ್ಗಕ್ಕೆ ರಜೆ. ಅವತ್ತು ಇನ್ನೂರೋ ಮುನ್ನೂರೋ ಹೆಜ್ಜೆ ಕಳಿಸಿ, ಒಮ್ಮೆ ಬೂಟು ಕಚ್ಚಿತು ಎಂದ, ಇನ್ನೊಮ್ಮೆ ಮೊಣಕಾಲು ನೋವು ಎಂದ.

ಓಟದ ಪರೀಕ್ಷೆಗೆ ಎರಡು ದಿನವಿದೆ ಎನ್ನುವಾಗ ಸುನಿತಾ ಮನೆಗೆ ಬಂದಳು. ಬಿಸಿಲಿಗೆ ಕರ್ರಗಾಗಿ ಗಟ್ಟಿಯಾಗಿದ್ದಳು. ಸಂಜೆ ರೊಟ್ಟಿ ಮುರಿಯುತ್ತ ಹೇಳಿದಳು: "ಹೋದ ತಿಂಗಳ ಜ್ವರ ಬಂದಿತ್ತು. ಇವತ್ತ ಓಡೂದು ಬ್ಯಾಡ ಅಂತ ಮುಸುಕು ಹಾಕ್ಕೊಂಡು ಮಲಗಿದ್ದೆ. ಒಂಬತ್ತಕ್ಕ ಮನಿಯಿಂದ ಆರು ಸಾವಿರ ಬಂತು. ನನಗ ನಾಚಿಕಿ ಆತು. ಎದ್ದು ಹೋಗಿ ಓಡಿದೆ."

ಕೊಟ್ರಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಜ್ವರದ ಮೈಯಲ್ಲಿ ಕೂಸನ್ನು ಎಬ್ಬಿಸಿ ಓಡಿಸಿದ ಆ ಆರು ಸಾವಿರ ಕೂಡುತ್ತಿದ್ದಾಗ ತಾನು ಮೈಲಾರಪ್ಪನ ಬೆಂಚಿನ ಮೇಲೆ ಇನ್ನೊಂದು ಮಿರ್ಚಿಗೆ ಕೈ ಚಾಚಿದ್ದ.

"ನಾಳೆ ಇಬ್ಬರೂ ಕೂಡೇ ಹೋಗೂಣು" ಎಂದಳು ಮಗಳು.

ಹೋದರು. ರೈಲ್ವೆ ಸ್ಟೇಷನ್ನಿನ ದಾರಿ ಹಿಡಿದು ಅರ್ಧಕ್ಕೂ ಬಂದಿರಲಿಲ್ಲ, ಕೊಟ್ರಪ್ಪನ ಎದೆ ಡವಡವ ಎನ್ನತೊಡಗಿತು. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕುಸಿದು ಕೂತ. ಕಾಲು ಚಾಚಿದಾಗ ಬೂಟಿನ ಅಡಿ ಮಗಳ ಕಡೆ ತಿರುಗಿತು. ಹೊಸದರಲ್ಲಿದ್ದ ಗೀರುಗಳೆಲ್ಲ ಹಾಗೇ ಇದ್ದವು. ಅವಳು ಅದನ್ನೇ ನೋಡುತ್ತಿದ್ದಳು. ಅವನು ಕಾಲು ಒಳಗೆಳೆದುಕೊಂಡ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಾ ನಡದಿಲ್ಲವ್ವಾ" ಎಂದ. "ಮೊದಲಿನ ಎರಡು ದಿನ ಬಿಟ್ಟರ ಒಂದ ದಿನಾನೂ ನಡದಿಲ್ಲ. ಫೋನು ಮಗ್ಗಕ್ಕ ಕಟ್ಟತಿದ್ದೆ."

"ಗೊತ್ತೈತಿ."

"ಅವ್ವ ಹೇಳಿದಳೇನು?"

"ಅವ್ವ ಯಾಕ ಹೇಳ್ತಾಳ? ಪ್ರತಿ ಅಮಾಸಿಗೂ ನಿನ್ನ ಲೆಕ್ಕ ಬೀಳತಿತ್ತು. ನಾ ಮಗ್ಗದ ಮನ್ಯಾಗ ಹುಟ್ಟಿದಾಕಿ, ಅಷ್ಟೂ ತಿಳಿಯಂಗಿಲ್ಲೇನು?"

"ಮತ್ತ ಅವತ್ತ ಬೈದುಬಿಡಬೇಕಿತ್ತಲ್ಲವ್ವಾ! ಸುಮ್ಮನ ಯಾಕ ಇದ್ದಿ?"

"ಬೈದ್ರ ನೀ ಕಳಸೂದು ಬಿಡತಿದ್ದಿ. ಅವ್ವನ ಕಡೆ ಫೋನಿಲ್ಲ. ಅವ್ವ ಇವತ್ತೂ ಮಗ್ಗಕ್ಕ ಕುಂತಾಳ ಅಂತ ನನಗ ಗೊತ್ತಾಗೂದು ಅದೊಂದರಿಂದನ. ಜ್ವರ ಬಂದ ದಿನ ಎದ್ದು ಓಡಿದ್ದು ಆಕಿ ಲೆಕ್ಕ ನೋಡಿ ಅಪ್ಪಾ, ನಿಂದಲ್ಲ."

ಕೊಟ್ರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಿಕ್ಕಿಬಿದ್ದೆನಲ್ಲ ಎಂಬ ನಾಚಿಕೆಯನ್ನು ಹೇಗೋ ತಡೆದುಕೊಳ್ಳುತ್ತಿದ್ದ. ಮೂರು ತಿಂಗಳು ಮಗಳ ಬೆನ್ನಿಗೆ ನಿಂತವನು ತಾನಲ್ಲವೇ ಅಲ್ಲ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡ. ಅವನ ಉಸಿರು ತಹಬಂದಿಗೆ ಬಂದ ಮೇಲೆ ಸುನಿತಾ ಮುಂದಿನ ಕರೆಂಟಿನ ಕಂಬ ತೋರಿಸಿ, "ಅಲ್ಲಿತನಕ ನಡಿ, ಇವತ್ತಿಗೆ ಸಾಕು. ನಾಳೆ ಇನ್ನೊಂದು ಕಂಬ" ಎಂದಳು.

ಸುನಿತಾ ಓಟದಲ್ಲಿ ಪಾಸಾದಳು. ಓಣಿಯವರು ತಂದೆಯನ್ನು ಹೊಗಳಲು ಬಂದರೆ ಕೊಟ್ರಪ್ಪ ಒಳಗೆ ಹೋಗಿಬಿಡುತ್ತಿದ್ದ. ಮುಂದಿನ ಅಮಾವಾಸ್ಯೆಗೆ ಮಗ್ಗ ನಿಂತಿತ್ತು. ಅವತ್ತು ಫೋನನ್ನು ಕಿಸೆಯಲ್ಲಿಟ್ಟುಕೊಂಡು ಕಂಬ ಎಣಿಸುತ್ತ ನಡೆದು ಬಂದು ಲೆಕ್ಕ ಕಳಿಸಿದ: ಸಾವಿರದ ಎಂಟುನೂರ ನಲವತ್ತು. ಮುಂಡರಗಿಗೆ ಮರಳಿದ್ದ ಮಗಳಿಂದ ಉತ್ತರ ಬಂತು: "ಇದು ನಿಂದು. ನಾಳಿಂದ ಅವ್ವಂದೂ ಕಳಸು."

ಈಗ ದಿನಾ ನಡೆದು ಬಂದು, ತನ್ನ ಲೆಕ್ಕ ಬರೆದಿಟ್ಟುಕೊಂಡು, ಶೇಖವ್ವನನ್ನು ಕೇಳಿ ಫೋನನ್ನು ಮಗ್ಗಕ್ಕೆ ಕಟ್ಟುತ್ತಾನೆ. ಮಗಳಿಗೆ ಎರಡು ಲೆಕ್ಕ ಹೋಗುತ್ತವೆ, ಹೆಂಡತಿಯದು ಮೇಲೆ, ತನ್ನದು ಕೆಳಗೆ. ಇವನದು ಇನ್ನೂ ಅವಳದರ ಅರ್ಧಕ್ಕೂ ಬಂದಿಲ್ಲ. ಕಳಿಸುವಾಗ ದಿನಾ ತಲೆ ತಗ್ಗುತ್ತದೆ, ಆದರೂ ಕಳಿಸುತ್ತಾನೆ.