ವೈಫೈ ಮೇಲೆ ಭಾವನ ದಂಡಯಾತ್ರೆ

ನಮ್ಮ ಭಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕೋಪ ಅವರಲ್ಲಿ ಕಾಯಂ ವಾಸ. ಬಾಡಿಗೆಗೆ ಬಂದು ಹೋಗುವುದು ಶಾಂತಿ. ಅವರ ಬಳಿ ಕಲಿತವರು ರಸ್ತೆಯಲ್ಲಿ ಯಾರಿಗೂ ಗುದ್ದುವುದಿಲ್ಲ. ಗುದ್ದಿದರೆ ಮೇಷ್ಟ್ರ ಕಿವಿಗೆ ಬೀಳುತ್ತದಲ್ಲ ಎಂಬ ಭಯ.

ಕೊನೆಗೊಬ್ಬ ಶಿಷ್ಯೆ ದೂರು ಕೊಟ್ಟರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಹಾಕಿದ್ದಕ್ಕೆ ಭಾವ, "ನೀವು ಹಲ್ಲು ಕೀಳೋದೂ ಹೀಗೇನಾ ಮೇಡಂ? ನೋಯ್ತಿರೋದು ಒಂದು, ಕಿತ್ತಿದ್ದು ಇನ್ನೊಂದು?" ಎಂದು ಇಡೀ ಬೀದಿಗೆ ಕೇಳಿಸುವಂತೆ ವಿಚಾರಿಸಿದ್ದರು. ಸಾರಿಗೆ ಕಚೇರಿಯವರು ಬೆಳಗ್ಗೆ ಹನ್ನೊಂದಕ್ಕೆ ವಿಡಿಯೋದಲ್ಲಿ ವಿಚಾರಣೆ ಇಟ್ಟರು. ಹಾಜರಾಗದಿದ್ದರೆ ಕಲಿಸುವ ಪರವಾನಗಿ ರದ್ದು. ಕಲಿಸುವುದು ಬಿಟ್ಟರೆ ಭಾವನಿಗೆ ಬೇರೆ ಬದುಕಿಲ್ಲ. ರದ್ದಾದರೆ ಅವರು ದಿನವಿಡೀ ಮನೆಯಲ್ಲೇ ಇರುತ್ತಾರೆ ಎಂದು ನೆನೆದು ನಮ್ಮ ಅಕ್ಕ ಊಟ ಬಿಟ್ಟಿದ್ದಳು.

ಆ ದಿನ ಭಾವ ಇಸ್ತ್ರಿ ಅಂಗಿ ತೊಟ್ಟು, ಒಳಕೋಣೆಯ ಮೇಜಿನ ಮುಂದೆ, ಮಗಳ ಲ್ಯಾಪ್‌ಟಾಪ್‌ ಎದುರು ವಿರಾಜಮಾನರಾದರು. ವೈಫೈ ಸಿಕ್ಕಿತು. ತೆರೆಯ ಮೇಲೆ ಲ್ಯಾಪ್‌ಟಾಪ್ ವಿನಯದಿಂದ, ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು.

"ಈಗ್ಲೇ ಬೇಕಾ ನಿಂಗೆ?" ಎಂದು ಭಾವ ಗುಡುಗಿದರು.

ವೈಫೈ ಹೋಯಿತು.

ಅಲ್ಲಿಂದ ಯುದ್ಧ ಶುರು. ಮಗಳು ನೆಟ್‌ವರ್ಕ್ ಅಳಿಸಿ ಪಾಸ್‌ವರ್ಡ್ ಹೊಸದಾಗಿ ಹೊಡೆದಳು. ಏರೋಪ್ಲೇನ್ ಮೋಡ್ ಹಾಕಿ ತೆಗೆದಳು. ಲ್ಯಾಪ್‌ಟಾಪನ್ನೇ ಆರಿಸಿ ಎಬ್ಬಿಸಿದಳು. ಹೊರಕೋಣೆಗೆ ಒಯ್ದರೆ ಸ್ವಲ್ಪ ಹೊತ್ತಿನಲ್ಲಿ ಸಿಗುತ್ತಿತ್ತು. ತಂದು ಅಪ್ಪನ ಮುಂದಿಟ್ಟರೆ, "ಬಂತಾ? ನಿಲ್ಲತ್ತಾ ಇದು?" ಎಂದು ಅವರು ಗರ್ಜಿಸುವಷ್ಟರಲ್ಲಿ ಮಾಯ. ಮೊಬೈಲ್ ಸಿಗ್ನಲ್ ಅಂತೂ ಆ ಮನೆಯೊಳಗೆ ಕಾಲಿಡುತ್ತಿರಲಿಲ್ಲ.

"ನನ್ನ ಕೈಲಿ ಸರಿಯಾಗಿರತ್ತೆ ಅಪ್ಪಾ. ನಿಮ್ಮನ್ನ ಕಂಡ್ರೆ ಹೆದರತ್ತೆ."

"ಯಂತ್ರ ಹೆದರತ್ತಾ? ಯಾರ ಹತ್ರ ಹೇಳ್ತಿದೀಯ?"

ಮತ್ತೆ ಹೋಯಿತು.

"ಹೊರಕೋಣೇಲೇ ಕೂತ್ಕೊಳ್ರೀ," ಎಂದಳು ಅಕ್ಕ.

"ಒಣಹಾಕಿರೋ ಲುಂಗಿ, ಟವೆಲ್ಲು ಹಿಂದೆ ಇಟ್ಕೊಂಡು ನಾನು ಅಧಿಕಾರಿಗಳ ಮುಂದೆ ಕೂತ್ಕೋಬೇಕಾ? ಮಾನ ಅನ್ನೋದಿದೆಯಾ ಈ ಮನೇಲಿ?"

ಹನ್ನೊಂದು ಹತ್ತಿರವಾಯಿತು. ಭಾವ ಕನ್ನಡಕ ಕಿತ್ತು ಬಿಸಾಡಿದರು. ಅದು ಮೇಜಿನಡಿ ಸೇರಿತು. ಹುಡುಕಲು ಅಕ್ಕ ಮಂಡಿಯೂರಿ ಒಳಗೆ ತಲೆ ಹಾಕಿದಳು. ಮೇಲೆ ಭಾವ, "ಈ ಕಂಪನಿಯವರನ್ನ..." ಎಂದು ಶುರುಮಾಡಿದರು. ಕೆಳಗೆ ಅವರ ಬಲಗಾಲು ದಪ್ಪನೆ ಇಳಿದು ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಕೂತಿತು. ಅಕ್ಕ ತಲೆಯೆತ್ತಿ ನೋಡಿದರೆ, ಕಪಾಟಿನ ಮೇಲಿದ್ದ ರೂಟರಿನ ದೀಪಗಳೆಲ್ಲ ಆರಿ, ಒಂದೊಂದಾಗಿ ಹೊತ್ತಿಕೊಳ್ಳತೊಡಗಿದ್ದವು.

"ಏನ್ರೀ! ಬ್ರೇಕ್ ಯಾಕೆ ಹಾಕಿದ್ರಿ?"

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಭಾವ ಅಲ್ಲೇ ಕೂತು ನರೆತವರು. ಬಾಯಲ್ಲಿ ಬೈಗುಳ ಹೊರಟರೆ ಸಾಕು, ಕಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಮೇಜಿನಡಿ ಬ್ರೇಕಿನ ಜಾಗದಲ್ಲಿದ್ದದ್ದು ರೂಟರಿಗೆ ಕರೆಂಟ್ ಕೊಡುವ ಸಡಿಲ ಪ್ಲಗ್ಗು. ಒಂದು ತುಳಿತಕ್ಕೆ ಕರೆಂಟ್ ಕ್ಷಣಕಾಲ ತಪ್ಪುತ್ತಿತ್ತು, ರೂಟರ್ ಅ ಆ ಇ ಈಯಿಂದ ಮತ್ತೆ ಆರಂಭಿಸುತ್ತಿತ್ತು. ಪಾಪ, ಲ್ಯಾಪ್‌ಟಾಪ್ ಬೆಳಗಿನಿಂದ ನಿರಪರಾಧಿ.

"ನಾನು ಯಾವ ಬ್ರೇಕೂ ಹಾಕಿಲ್ಲ!" ಭಾವ ಅಬ್ಬರಿಸಿದರು. ದೀಪಗಳು ಮತ್ತೆ ಆರಿದವು.

"ಅಪ್ಪಾ, ಉಸಿರೆತ್ತಬೇಡಿ!" ಎಂದಳು ಮಗಳು. ಅಕ್ಕ ಬೋರ್ಡನ್ನು ಬಾಲ ಹಿಡಿದೆಳೆದಂತೆ ಎಳೆದು ಮೂಲೆಗೆ ತಳ್ಳಿದಳು. ಮೂವರೂ ರೂಟರನ್ನೇ ದಿಟ್ಟಿಸಿದರು. ಕೊನೆಯ ದೀಪ ಹೊತ್ತಿಕೊಂಡಿತು. ಮಗಳು ವಿಡಿಯೋ ತೆರೆದಾಗ ಸಾರಿಗೆ ಕಚೇರಿಯ ಅಧಿಕಾರಿಣಿ ಆಗಲೇ ಭಾವನನ್ನು ಕರೆಯುತ್ತಿದ್ದರು.

"ನಿಮಗೆ ಕೋಪ ಜಾಸ್ತಿಯಂತೆ. ನಿಜವಾ?"

ಭಾವನ ಕಾಲು ನೆಲವನ್ನು ಒತ್ತಿತು. ನೆಲ ತಡೆದುಕೊಂಡಿತು. "ನಿಜ ಮೇಡಂ. ಅವರು ತಪ್ಪು ಮಾಡಿದ್ರೆ ಪಕ್ಕದಲ್ಲಿ ಸಾಯೋನು ನಾನು. ಕೋಪ ಇನ್ಯಾರಿಗೆ ಬರಬೇಕು?"

ಇನ್ನೊಂದು ಚೌಕದಲ್ಲಿದ್ದ ಡಾಕ್ಟರು ಕೆಮ್ಮಿದರು. "ಕಲಿಸೋದರಲ್ಲಿ ತಪ್ಪಿಲ್ಲ ಮೇಡಂ. ಬಾಯಿ ಒಂದು ಸರಿ ಮಾಡ್ಕೊಂಡ್ರೆ ಸಾಕು."

ಅಧಿಕಾರಿಣಿ ಸ್ವಲ್ಪ ಯೋಚಿಸಿದರು. "ಪರವಾನಗಿ ಇರಲಿ. ಆದರೆ ನೀವು ಕೋಪ ತಡೆಯೋ ತರಬೇತಿ ಮುಗಿಸಬೇಕು."

"ಎಲ್ಲಿಗೆ ಬರಬೇಕು ಮೇಡಂ?" ಭಾವನ ದನಿಯಲ್ಲಿ ಬೆಣ್ಣೆ.

"ಎಲ್ಲಿಗೂ ಬೇಡ. ಪ್ರತಿ ಭಾನುವಾರ ಮನೆಯಿಂದಲೇ, ಹೀಗೇ ವಿಡಿಯೋದಲ್ಲಿ."

ಭಾವನ ಬಾಯಿ ತೆರೆಯಿತು. ಮಗಳು ಹಾರಿ ಬಂದು ಮೈಕ್ ಆರಿಸಿದಳು. ಅಧಿಕಾರಿಣಿಗೆ ಕಂಡದ್ದು ಇಸ್ತ್ರಿ ಅಂಗಿಯ ಗೃಹಸ್ಥರೊಬ್ಬರು ಭಾವುಕರಾಗಿ, ಬಾಯ್ತುಂಬ ಧನ್ಯವಾದ ಹೇಳುತ್ತಿರುವುದು ಮಾತ್ರ.