ಚೆಲ್ಲದ ಸಾಂಬಾರು, ಮುರಿದ ಕಾಲು

ಕೋವಿಡ್ ಕಳೆದು ಜನ ಮತ್ತೆ ಬೆಟ್ಟ ಹತ್ತತೊಡಗಿದ್ದ ವರ್ಷ. ಮುಂಬಯಿ ಪಕ್ಕದ ಠಾಣೆ ನಗರದ ನೌಪಾಡಾದಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಮೈಸೂರಿನವಳಾದ ನನಗೆ ಕನ್ನಡ ಮಾತಾಡುವ ರೋಗಿ ಸಿಕ್ಕರೆ ಖುಷಿ. ಆ ಖುಷಿಯನ್ನೇ ಪರೀಕ್ಷೆಗೆ ಒಡ್ಡಿದವರು ಸದಾನಂದ ರಾಯರು.

ನಮ್ಮ ಬೀದಿಯಲ್ಲೇ ರಾಯರ ಉಡುಪಿ ಹೋಟೆಲು. ಡೊಂಬಿವಲಿಯ ಹೈಕಿಂಗ್ ಗುಂಪಿನೊಡನೆ ಭಾನುವಾರಗಳಂದು ಬೆಟ್ಟ ಹತ್ತುವುದು ಅವರ ಹುಚ್ಚು. ಉಳಿದವರು ಬಿಸ್ಕತ್ತು ತಂದರೆ ಇವರು ಎಲ್ಲರಿಗೂ ಸಾಲುವಷ್ಟು ಇಡ್ಲಿ, ಸ್ಟೀಲ್ ಡಬ್ಬಿಯಲ್ಲಿ ಬಿಸಿ ಸಾಂಬಾರು ಹೊರುತ್ತಿದ್ದರು. ಒಮ್ಮೆ ಮಾಹುಲಿ ಕೋಟೆಯ ಬೆಟ್ಟ ಹತ್ತುವಾಗ ರಾಯರ ಕಾಲು ಜಾರಿತು. ಕೈ ಊರಿದ್ದರೆ ಉಳುಕಿನಲ್ಲೇ ಮುಗಿಯುತ್ತಿತ್ತು. ಆದರೆ ಎರಡೂ ಕೈ ಡಬ್ಬಿಯನ್ನು ಅಪ್ಪಿಕೊಂಡಿದ್ದವು, ಕಣಕಾಲು ಮುರಿಯಿತು. ಹೇಗೆ ಬಿದ್ದಿರಿ ಎಂದು ಕೇಳಿದ್ದಕ್ಕೆ ಅವರ ಉತ್ತರ: "ಸಾಂಬಾರು ಒಂದು ಹನಿ ಚೆಲ್ಲಲಿಲ್ಲ ಡಾಕ್ಟ್ರೇ."

ಆಪರೇಷನ್ ಆಗಿ, ಪ್ಲೇಟ್ ಕೂರಿಸಿದ ಮೇಲೆ ನನ್ನಲ್ಲಿಗೆ ಬಂದರು. ಕಣ್ಣಿನ ನೆರವಿಲ್ಲದೆ ಪಾದಕ್ಕೆ ತಾನೆಲ್ಲಿದ್ದೇನೆಂದು ತಿಳಿಯುವ ಶಕ್ತಿಗೆ ಪ್ರೊಪ್ರಿಯೊಸೆಪ್ಷನ್ ಎನ್ನುತ್ತೇವೆ. ಅದು ಮರಳಲು ಒಂಟಿಕಾಲಲ್ಲಿ ಕಣ್ಣುಮುಚ್ಚಿ ನಿಲ್ಲಬೇಕು. ರಾಯರು ಗಲ್ಲಾದ ಹಿಂದೆಯೇ ನಿಂತರು. ಗಿರಾಕಿಗಳು ಹರಕೆಯೆಂದುಕೊಂಡರು. ಅಜ್ಜಿಯೊಬ್ಬರು ಕೈಮುಗಿದು ತೆಂಗಿನಕಾಯಿ ಇಟ್ಟು ಹೋದರಂತೆ.

ಕಾಲು ಚೆನ್ನಾಗಿಯೇ ಕೂಡಿತು. ಆದರೂ ಬೆಟ್ಟದ ಮಾತೆತ್ತಿದರೆ ಸಾಕು, ರಾಯರು ಕುಂಟತೊಡಗುತ್ತಿದ್ದರು. ಮತ್ತೆ ಎಕ್ಸ್‌-ರೇ ತೆಗೆಸಿದೆ, ಸರ್ಜನ್‌ಗೆ ತೋರಿಸಿದೆ; ದೋಷವಿಲ್ಲ. ಮನೆಯಲ್ಲಿ ಸ್ಟೂಲು ಹತ್ತಿ ಜೇಡರ ಬಲೆ ತೆಗೆಯುತ್ತಾರೆ, ಗುಂಪಿನವರ ಫೋನು ಮಾತ್ರ ಎತ್ತುವುದಿಲ್ಲ ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು. ಭಾನುವಾರವಿಡೀ ಬೈಸಿಕೊಳ್ಳುತ್ತಿದ್ದ ಹೋಟೆಲಿನ ಕೆಲಸಗಾರರಂತೂ ಹೇಗಾದರೂ ಮಾಡಿ ಇವರನ್ನು ಬೆಟ್ಟಕ್ಕೆ ಅಟ್ಟಿ ಎಂದು ನನಗೆ ದುಂಬಾಲು ಬಿದ್ದರು.

ಕೊನೆಗೆ ನನ್ನ ಸಹನೆ ಕೆಟ್ಟಿತು. "ರಾಯರೇ, ನೋವು ಕಾಲಲ್ಲಿಲ್ಲ. ಎಲ್ಲಿದೆ ಹೇಳಿ."

ರಾಯರು ಕುಂಟುವುದನ್ನು ಬಿಟ್ಟು ಕುರ್ಚಿಯಲ್ಲಿ ಕುಳಿತರು. "ಆ ದಿನ ಗುಂಪಿನ ಸಾವಂತ್, ಅವರೆಲ್ಲ ನನ್ನನ್ನು ಬೆಡ್‌ಶೀಟಿನಲ್ಲಿ ಹೊತ್ತು ಇಳಿಸಿದ್ರು. ಒಬ್ಬ ನನ್ನ ಬೂಟು ಬಿಚ್ಚಿದ. ನನಗೆ ಬಡಿಸಿ ಗೊತ್ತುಂಟು ಡಾಕ್ಟ್ರೇ, ತೆಗೊಂಡು ಗೊತ್ತಿಲ್ಲ. ಅವರ ಮುಖ ಹೇಗೆ ನೋಡುದು?"

ಇದಕ್ಕೆ ನನ್ನಲ್ಲಿ ಮೆಷಿನ್ ಇರಲಿಲ್ಲ. ಕೊನೆಯ ವ್ಯಾಯಾಮ ಬರೆದುಕೊಟ್ಟೆ: ಅದೇ ಗುಂಪಿನೊಡನೆ, ಅದೇ ಬೆಟ್ಟ, ಬರಿಗೈಯಲ್ಲಿ. ಅವರನ್ನು ನಂಬದೆ ನಾನೂ ಹೊರಟೆ. ಮಾಹುಲಿಗೆ ಹೋಗಲು ಇಳಿಯುವ ಅಸನಗಾಂವ್ ಸ್ಟೇಷನ್ನಿನಲ್ಲಿ ಅವರ ಚೀಲ ತಪಾಸಣೆ ಮಾಡಿ ಚಟ್ನಿಪುಡಿಯ ಪೊಟ್ಟಣವನ್ನು ವಶಪಡಿಸಿಕೊಂಡೆ.

ರಾಯರು ಸಲೀಸಾಗಿ ಹತ್ತಿದರು. ಏದುಸಿರು ಬಿಟ್ಟದ್ದು ನಾನು. ಮೇಲೆ ಕುಳಿತ ಮೇಲೆ, ರೈಲ್ವೆಯಿಂದ ನಿವೃತ್ತರಾಗಿದ್ದ ಸಾವಂತ್ ನಾಚುತ್ತಾ ಡಬ್ಬಿ ತೆರೆದರು. ಗುಂಪಿನವರು 'ಅಣ್ಣ' ಎಂದೇ ಕರೆಯುವ ರಾಯರಿಗಾಗಿ ಸ್ವತಃ ಮಾಡಿದ ಇಡ್ಲಿ. ಬೆಟ್ಟದ ಕಲ್ಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಅಣ್ಣಾ, ಕಶೀ ಝಾಲೀ?" ಹೇಗಾಗಿದೆ ಎಂದು ಕೇಳಿದರು.

ಎಲ್ಲರೂ ರಾಯರ ಬಾಯನ್ನೇ ನೋಡುತ್ತಿದ್ದೆವು. ಅಗಿದರು. ಬಹಳ ಹೊತ್ತು ಅಗಿದರು. ಕಣ್ಣು ತುಂಬಿಬಂತು. ಸಾವಂತರ ಕೈ ಹಿಡಿದು, ಮರಾಠಿಯಲ್ಲಿ ಇನ್ನೊಂದು ಕೊಡು ಎಂದರು. ಆಮೇಲೆ ನನ್ನತ್ತ ಬಾಗಿ ಪಿಸುಗುಟ್ಟಿದರು: "ಉದ್ದು ಕಮ್ಮಿ ಆಗಿದೆ. ಹೇಳ್ಬೇಡಿ."

ಮೂಳೆ ಕೂಡಿತೇ ಎಂಬುದನ್ನು ಎಕ್ಸ್‌-ರೇ ಹೇಳುತ್ತದೆ. ಮನುಷ್ಯ ಗುಣವಾದನೇ ಎಂದು ತಿಳಿಯಲು ಇನ್ನೊಬ್ಬರು ಮಾಡಿದ ಇಡ್ಲಿಯನ್ನು ಅವನ ಮುಂದಿಟ್ಟು ನೋಡಬೇಕು.